ಗಾಜಿಗೂ ಚೆಂಡಿಗೂ ನಡುವೆ ಒಂದು ಬಲೆ

ಮಂಗಳೂರಿನವರಿಗೆ ಬಲೆ ಎಂದರೆ ಮೀನು. ದಕ್ಕೆಯಲ್ಲಿ ರಾಶಿ ಬಿದ್ದ ಬಲೆಗಳನ್ನೂ ಬೆಂಗರೆಯ ಕಡೆ ಹರಿದ ಕಣ್ಣುಗಳನ್ನು ಹೊಲಿಯುತ್ತ ಕೂತವರನ್ನೂ ನೋಡಿ ಬೆಳೆದವಳು ನಾನು. ಹಾಗಾಗಿ ಬೆಂಗಳೂರಿನ ಸ್ಯಾಂಕಿ ರಸ್ತೆಯ ಬದಿಯಲ್ಲಿ ಎತ್ತರದ ಕಂಬಗಳ ನಡುವೆ ಬಿಗಿದು ಕಟ್ಟಿದ್ದ ಬಲೆ ಮೊದಲ ಸಲ ಕಂಡಾಗ, ಸಮುದ್ರವಿಲ್ಲದ ಈ ಊರಲ್ಲಿ ಆಕಾಶಕ್ಕೆ ಯಾರು ಬಲೆ ಹಾಕಿದರು ಎಂದು ತಿಳಿಯಲಿಲ್ಲ. ಸದಾಶಿವನಗರದ ಕಡೆಯಿಂದ ವಿಕಾಸಸೌಧದಲ್ಲಿರುವ ಪತ್ರಾಗಾರಕ್ಕೆ ಆಟೊದಲ್ಲಿ ಹೊರಟಿದ್ದೆ. "ಇದೆಂತಕ್ಕಣ್ಣ ಬಲೆ?" ಎಂದು ಕೇಳಿದೆ. ಚಾಲಕರು ತಿರುಗಿಯೂ ನೋಡದೆ, "ಗಾಲ್ಫ್ ಚೆಂಡು ಮೇಡಂ. ರೋಡಿಗೆ ಬಂದ್ರೆ ಗ್ಲಾಸ್ ಪುಡಿ" ಎಂದರು.

ಆ ದಿನ ನಾನು ಹುಡುಕಲು ಹೋಗಿದ್ದ ಕಡತ ಸಿಗಲಿಲ್ಲ. ತಲೆಯಲ್ಲಿ ಉಳಿದದ್ದು ಬಲೆ ಮಾತ್ರ. ಹಾರಿಬರುವ ಚೆಂಡಿನಿಂದ ಕಿಟಕಿಯನ್ನು ಕಾಯಬೇಕಾದವರು ಯಾರು? ಚೆಂಡು ಹೊಡೆಯುವವರೋ, ಗಾಜು ಹಾಕಿಸಿಕೊಂಡವರೋ? ಹುಡುಗರ ಜಗಳದಂತೆ ಕೇಳಿಸುವ ಈ ಪ್ರಶ್ನೆಗೆ ದೊಡ್ಡ ದೊಡ್ಡ ನ್ಯಾಯಾಲಯಗಳು ತಲೆ ಕೆಡಿಸಿಕೊಂಡಿವೆ. ಉತ್ತರದ ಒಳಗೆ ಪ್ರತಿ ಸಲವೂ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: ಇಲ್ಲಿ ಮೊದಲು ಬಂದವರು ಯಾರು?

ಮೊದಲು ಗಾಜು ಮತ್ತು ಚೆಂಡಿನ ಕಥೆ. ಗಾಲ್ಫ್ ಹಳೆಯ ಆಟ. ಜನ ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆಂದು ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲೇ ಅದನ್ನು ನಿಷೇಧಿಸಿತ್ತು. ಆದರೆ ಬಹುಕಾಲ ಆ ಆಟದ ಚೆಂಡು ತೊಗಲಿನ ಚೀಲದೊಳಗೆ ಹಕ್ಕಿಯ ಗರಿ ತುರುಕಿ ಹೊಲಿದದ್ದು. ಅದು ದುಬಾರಿ; ಒದ್ದೆಯಾದರೆ ಹಾಳು, ಜೋರಾಗಿ ಹೊಡೆದರೆ ಹೊಲಿಗೆ ಬಿಚ್ಚುತ್ತಿತ್ತು. ಮಲಯಾದ ಕಾಡುಮರದ ಹಾಲಿನಿಂದ ತಯಾರಾದ ಗಟ್ಟಿ ಚೆಂಡು, ಗಟಾ ಪರ್ಚಾ ಚೆಂಡು, ಬಂದದ್ದು 1848ರಲ್ಲಿ. ಅಗ್ಗ, ಗಟ್ಟಿ, ಮಳೆಗೆ ಜಗ್ಗದ್ದು. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಸಾಮ್ರಾಜ್ಯದ ಸುದ್ದಿಗಳನ್ನು ಸಾಗಿಸಿದ್ದೂ ಇದೇ ಮರದ ಹಾಲು.

ಇನ್ನು ಗಾಜು. ಬ್ರಿಟನ್ನಿನಲ್ಲಿ 1696ರಿಂದ ಕಿಟಕಿಗಳ ಲೆಕ್ಕದಲ್ಲಿ ಮನೆಗೆ ತೆರಿಗೆ ಇತ್ತು. ತೆರಿಗೆ ತಪ್ಪಿಸಲು ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಗಾಜಿನ ಮೇಲೆ ಬೇರೆ ಸುಂಕ. ಗಾಜಿನ ಸುಂಕ ರದ್ದಾದದ್ದು 1845ರಲ್ಲಿ, ಕಿಟಕಿ ತೆರಿಗೆ ರದ್ದಾದದ್ದು 1851ರಲ್ಲಿ. ಅದೇ 1851ರಲ್ಲಿ ಲಂಡನ್ನಿನಲ್ಲಿ ಸುಮಾರು 3 ಲಕ್ಷ ಗಾಜಿನ ಹಲಗೆಗಳ ಕ್ರಿಸ್ಟಲ್ ಪ್ಯಾಲೇಸ್ ಎದ್ದು ನಿಂತಿತು. ಈ ಇಸವಿಗಳನ್ನು ಸಾಲಾಗಿ ಬರೆದುಕೊಂಡು ನೋಡಿ: 1845, 1848, 1851. ಸಾಮಾನ್ಯರ ಕೈಗೆಟಕುವ ಗಾಜೂ ಸಾಮಾನ್ಯರ ಕೈಗೆಟಕುವ ಗಟ್ಟಿ ಚೆಂಡೂ ಆರು ವರ್ಷಗಳ ಅಂತರದೊಳಗೆ ಒಂದೇ ದೇಶದಲ್ಲಿ ಬಂದವು. ಒಂದು ಇನ್ನೊಂದಕ್ಕೆ ಕಾರಣವಲ್ಲ. ಆದರೆ ಜಗಳಕ್ಕೆ ಬೇಕಾದ ಇಬ್ಬರೂ ಅಲ್ಲಿಗೆ ಹಾಜರಾಗಿದ್ದರು.

ಆಮೇಲೆ ಚೆಂಡು ಇನ್ನಷ್ಟು ಕೆಟ್ಟದಾಯಿತು, ಅಂದರೆ ಇನ್ನಷ್ಟು ಒಳ್ಳೆಯದಾಯಿತು. ಹೊಡೆತ ತಿಂದು ಗೀರು ಬಿದ್ದ ಹಳೆಯ ಚೆಂಡು ನುಣುಪಾದ ಹೊಸ ಚೆಂಡಿಗಿಂತ ದೂರ ಹೋಗುತ್ತದೆ ಎಂದು ಆಟಗಾರರು ಗಮನಿಸಿದ್ದರು. ಹೊಸ ಚೆಂಡಿಗೇ ಗುರುತು ಕೊರೆಯುವ ರೂಢಿ ಹಾಗೆ ಬಂತು. ಇಂದಿನ ಕುಳಿಕುಳಿ ಮೈಗೆ 1905ರಲ್ಲಿ ಪೇಟೆಂಟ್ ಪಡೆದವರು ವಿಲಿಯಂ ಟೇಲರ್. ರಬ್ಬರ್ ನೂಲು ಸುತ್ತಿದ ತಿರುಳಿನ ಚೆಂಡು ಅದಕ್ಕೂ ಮೊದಲೇ ಅಮೆರಿಕದಲ್ಲಿ ತಯಾರಾಗಿತ್ತು. ಈಗಿನ ನಿಯಮದ ಪ್ರಕಾರ ಚೆಂಡು 45.93 ಗ್ರಾಂ ಮೀರುವಂತಿಲ್ಲ, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಕ್ರಿಕೆಟ್ ಚೆಂಡಿನ ತೂಕದಲ್ಲಿ ಮೂರನೇ ಒಂದು ಪಾಲೂ ಇಲ್ಲ. ಆದರೆ ನುರಿತವರ ಕೋಲಿನಿಂದ ಹೊರಡುವಾಗ ಅದರ ವೇಗ ಗಂಟೆಗೆ 230 ಕಿಲೋಮೀಟರ್ ದಾಟುತ್ತದೆ. ಅಷ್ಟೂ ಶಕ್ತಿ ಹಲಸಿನ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ವಸ್ತುವಿನಲ್ಲಿ ತುಂಬಿಕೊಂಡು ಬರುತ್ತದೆ. ಸಾಮಾನ್ಯ ಗಾಜು ಅದನ್ನು ತಡೆಯುವುದು ಅದೃಷ್ಟದ ಮಾತು.

ಈ ಆಟ ಬ್ರಿಟನ್ನಿನ ಹೊರಗೆ ಮೊದಲು ಬೇರೂರಿದ್ದು ನಮ್ಮ ದೇಶದಲ್ಲೇ, 1829ರಲ್ಲಿ, ಕಲ್ಕತ್ತೆಯಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಇತಿಹಾಸದ ವಿದ್ಯಾರ್ಥಿಗೆ ಆ ಇಸವಿಯನ್ನು ಸುಮ್ಮನೆ ದಾಟಿಹೋಗಲು ಆಗುವುದಿಲ್ಲ. ಅದೇ ವರ್ಷ ಮಳೆ ಕೈಕೊಟ್ಟು ಮಹಾಕ್ಷಾಮ ಶುರುವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕ್ಲಬ್ಬಿಗೂ ಕ್ಷಾಮಕ್ಕೂ ಸಂಬಂಧ ಕಟ್ಟುತ್ತಿಲ್ಲ. ಒಂದೇ ಇಸವಿ ಎರಡು ಕಡತಗಳಲ್ಲಿ ಎಷ್ಟು ಬೇರೆಯಾಗಿ ಕಾಣುತ್ತದೆ ಎಂದಷ್ಟೇ ಹೇಳಿದೆ. ಅದಾಗಿ 13 ವರ್ಷಕ್ಕೆ, 1889ರಲ್ಲಿ, ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಚೆಂಡು ಮೊದಲು, ಗಾಜು ಆಮೇಲೆ.

ನಮ್ಮ ತುಳುನಾಡಿನಲ್ಲಿ ಈ ಜಗಳಕ್ಕೆ ಬೇಕಾದ ಗಾಜೇ ಇರಲಿಲ್ಲ. ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮುರಕಲ್ಲಿನ ದಪ್ಪ ಗೋಡೆ, ಅದರಲ್ಲೊಂದು ಸಣ್ಣ ಕಿಟಕಿ, ಕಿಟಕಿಗೆ ಮರದ ದಳಿ, ಒಳಗಿನಿಂದ ಮುಚ್ಚಲು ಮರದ ಬಾಗಿಲು. ಗಾಳಿ ಬರಬೇಕು, ಬೆಕ್ಕು ಬರಬಾರದು, ಒಳಗಿದ್ದವರಿಗೆ ಅಂಗಳ ಕಾಣಬೇಕು, ಅಂಗಳದಲ್ಲಿದ್ದವರಿಗೆ ಒಳಗಿದ್ದವರು ಕಾಣಬಾರದು. ಆ ಕಿಟಕಿಯ ದೊಡ್ಡ ಶತ್ರು ಆಟಿ ತಿಂಗಳ ಎರಚಲು. ಅದಕ್ಕೆ ಮದ್ದು ಜಗಲಿಯ ಹೊರಗೆ ಇಳಿಬಿಡುವ ಮಡಲಿನ ತಟ್ಟಿ. ಮಳೆಗಾಲಕ್ಕೆ ಕಟ್ಟುವುದು, ಮಳೆ ಮುಗಿದಮೇಲೆ ಬಿಚ್ಚುವುದು. ರಕ್ಷಣೆ ಕಿಟಕಿಗೆ ಅಂಟಿಕೊಂಡಿರಲಿಲ್ಲ, ಎರಡು ಮೂರು ಮೊಳ ಹೊರಗೆ ನಿಲ್ಲುತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಘಟ್ಟದ ಮೇಲೆ ಬೇಲೂರಿನಂಥ ದೇವಾಲಯಗಳಲ್ಲಿ ಕಲ್ಲನ್ನೇ ತೂತು ತೂತಾಗಿ ಕೊರೆದ ಜಾಲಂಧ್ರಗಳಿವೆ. ಹೆಸರಿನಲ್ಲೇ ಜಾಲವಿದೆ, ಅಂದರೆ ಬಲೆ. ಗೋವೆ ಮತ್ತು ಕೊಂಕಣ ತೀರದ ಹಳೆಯ ಮನೆಗಳಲ್ಲಿ ಕಿಟಕಿಗೆ ತೆಳ್ಳನೆಯ ಚಿಪ್ಪಿನ ಹಲಗೆಗಳನ್ನು ಜೋಡಿಸುತ್ತಿದ್ದರು. ಬೆಳಕು ಹಾಲಿನಂತೆ ಒಳಗೆ ಬರುತ್ತದೆ, ನೋಟ ದಾಟುವುದಿಲ್ಲ. ಮಂಗಳೂರಿನ ಕೊಂಕಣಿಯವರು ಕಿಟಕಿಗೆ 'ಜನೆಲ್' ಎನ್ನುವುದು ಪೋರ್ಚುಗೀಸರಿಂದ ಬಂದ ಮಾತು. ನಮ್ಮ 'ಕಿಟಕಿ'ಯೂ ಉತ್ತರದಿಂದ ಬಂದದ್ದೇ. ಕಿಟಕಿಯಂಥ ಕಿಟಕಿಗೇ ಹೊರಗಿನ ಹೆಸರುಗಳು ಬಂದಿರುವಾಗ ಗಾಜು ಹೊರಗಿನಿಂದ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮಂಗಳೂರಿನ ಸಾಧಾರಣ ಮನೆಗೆ ಗಾಜು ಗೋಡೆಯಿಂದಷ್ಟೇ ಅಲ್ಲ, ಮಾಡಿನಿಂದಲೂ ಇಳಿಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು, 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹುಲ್ಲಿನ, ಮಡಲಿನ ಮಾಡುಗಳ ಜಾಗಕ್ಕೆ ನಿಧಾನವಾಗಿ ಕೆಂಪು ಹಂಚು ಬಂತು. ದಪ್ಪ ಗೋಡೆಯ ಕತ್ತಲೆ ಕೋಣೆಗಳಿಗೆ ಹಂಚಿನದೇ ಆಕಾರದ ಒಂದೆರಡು ಗಾಜಿನ ಹಂಚುಗಳು ಬೆಳಕಿಂಡಿಯಾದವು. ಅಡುಗೆಮನೆಯ ಹೊಗೆಯ ನಡುವೆ ಕೋಲಿನಂತೆ ಇಳಿಯುವ ಆ ಬಿಸಿಲನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಮಾಡಿಗೆ ಹಂಚು ಬಂದಾಗ ಕರಾವಳಿಗೆ ತನ್ನದೇ ಆದ 'ದಾರಿ ತಪ್ಪಿದ ಚೆಂಡಿ'ನ ತಕರಾರೂ ಬಂತು. ತೆಂಗಿನಕಾಯಿ! ಮಡಲಿನ ಮಾಡಿನ ಮೇಲೆ ಕಾಯಿ ಬಿದ್ದರೆ ಒಂದು ತೂತು, ಹಂಚಿನ ಮೇಲೆ ಬಿದ್ದರೆ ನಾಲ್ಕು ಹಂಚು ಚೂರು. ನೆರೆಮನೆಯ ಮರ ನಮ್ಮ ಮಾಡಿನತ್ತ ವಾಲಿದರೆ ಮರದವರು ಅದಕ್ಕೆ ಸರಿಗೆ ಬಿಗಿದು ತಮ್ಮ ಕಡೆಗೆ ಎಳೆದು ಕಟ್ಟಬೇಕು. ಮರ ಮೊದಲೋ ಮನೆ ಮೊದಲೋ ಎಂಬ ವಾದ ಆ ಹೊತ್ತಿಗೆ ನಡೆದೇ ನಡೆಯುತ್ತದೆ, ಆದರೆ ಕೊನೆಗೆ ಸರಿಗೆಯ ಖರ್ಚು ಮರದವರದ್ದೇ. ಕಾನೂನಿನ ದಾರಿಯೂ ಅದೇ. ಇತ್ತೀಚಿನವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಬಿದ್ದು ಅಪಾಯ ಮಾಡಬಹುದಾದ ಮರವನ್ನು ತೆಗೆಯಲು ಅಥವಾ ಅದಕ್ಕೆ ಆಧಾರ ಕೊಡಲು ಅದು ಯಾರ ಸ್ವಾಧೀನದಲ್ಲಿದೆಯೋ ಅವರಿಗೇ ಆದೇಶ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತ್ತು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಓಡಾಡಿ ಎಂದು ಕೆಳಗಿನವರಿಗೆ ಹೇಳಲಿಲ್ಲ.

ಚೆಂಡಿನ ವಿಷಯಕ್ಕೆ ಬಂದರೆ ನ್ಯಾಯ ಇಷ್ಟು ಸಲೀಸಾಗಿಲ್ಲ. ನಮ್ಮ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಓದುವ ಮೂರು ಇಂಗ್ಲಿಷ್ ಮೊಕದ್ದಮೆಗಳಿವೆ. ಮೊದಲನೆಯದು ಗಾಲ್ಫಿನದೇ. 1919ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ಸ್ಯಾಂಡ್‌ವಿಚ್ ಬಳಿ ಕ್ಯಾಸಲ್ ಎಂಬ ಟ್ಯಾಕ್ಸಿ ಚಾಲಕ ರಸ್ತೆಯಲ್ಲಿ ಹೋಗುತ್ತಿದ್ದಾಗ, ಪಕ್ಕದ ಮೈದಾನದಿಂದ ಚೆಂಡೊಂದು ತಿರುಗಿ ಬಂದು ಮುಂದಿನ ಗಾಜಿಗೆ ಬಡಿಯಿತು. ಗಾಜಿನ ಚೂರು ಹೊಕ್ಕು ಆತ ಒಂದು ಕಣ್ಣು ಕಳೆದುಕೊಂಡ. ಆ ಜಾಗದಿಂದ ಚೆಂಡುಗಳು ರಸ್ತೆಗೆ ಆಗಾಗ ಬರುತ್ತಿದ್ದವು ಎಂಬುದು ಸಾಬೀತಾಯಿತು. 1922ರಲ್ಲಿ ತೀರ್ಪು ಚಾಲಕನ ಪರವಾಗಿ ಬಂತು: ಹೊಡೆಯುವ ಜಾಗವನ್ನು ರಸ್ತೆಗೆ ಅಷ್ಟು ಹತ್ತಿರ ಇಟ್ಟದ್ದೇ ಸಾರ್ವಜನಿಕ ಉಪದ್ರವ. ತೀರ್ಪು ಕೊಟ್ಟ ನ್ಯಾಯಾಧೀಶರ ಹೆಸರು ಸ್ಯಾಂಕಿ. ನಾನು ಬಲೆ ಕಂಡ ರಸ್ತೆಯ ಸ್ಯಾಂಕಿ ಬೇರೆ. ಆತ ರಿಚರ್ಡ್ ಸ್ಯಾಂಕಿ, ಮೈಸೂರಿನ ಮುಖ್ಯ ಎಂಜಿನಿಯರ್, ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ರೂಪಿಸಿದವರು. ನ್ಯಾಯಾಧೀಶ ಜಾನ್ ಸ್ಯಾಂಕಿ ಮುಂದೆ ಲಾರ್ಡ್ ಚಾನ್ಸಲರ್ ಆದರು, ನಮ್ಮ ಮಿರ್ಜಾ ಇಸ್ಮಾಯಿಲರು ಹೋಗಿದ್ದ ದುಂಡುಮೇಜಿನ ಪರಿಷತ್ತಿನಲ್ಲಿ ಪ್ರಮುಖ ಸಮಿತಿಯೊಂದರ ಅಧ್ಯಕ್ಷರಾಗಿದ್ದರು. ಗಾಲ್ಫ್ ಚೆಂಡು ರಸ್ತೆಗೆ ಬರಬಾರದು ಎಂದ ಸ್ಯಾಂಕಿ ಒಬ್ಬರು, ಗಾಲ್ಫ್ ಚೆಂಡು ಬರುವ ರಸ್ತೆಗೆ ಹೆಸರು ಕೊಟ್ಟ ಸ್ಯಾಂಕಿ ಇನ್ನೊಬ್ಬರು.

ಎರಡನೆಯದು, 1951ರ ಬೋಲ್ಟನ್ ಮತ್ತು ಸ್ಟೋನ್. ಮ್ಯಾಂಚೆಸ್ಟರ್ ಹತ್ತಿರ ಮನೆಯ ಹೊರಗೆ ನಿಂತಿದ್ದ ಮಹಿಳೆಗೆ ಕ್ರಿಕೆಟ್ ಚೆಂಡು ಬಡಿಯಿತು. ಸುಮಾರು 30 ವರ್ಷಗಳಲ್ಲಿ ಚೆಂಡು ಹಾಗೆ ರಸ್ತೆಗೆ ಬಂದದ್ದು ಆರು ಸಲ ಇರಬಹುದಷ್ಟೆ. ಇಷ್ಟು ಅಪರೂಪದ ಅಪಾಯಕ್ಕೆ ಕ್ಲಬ್ಬನ್ನು ಹೊಣೆ ಮಾಡಲಾಗದು ಎಂದಿತು ಅಲ್ಲಿನ ಅತ್ಯುನ್ನತ ನ್ಯಾಯಪೀಠ.

ಮೂರನೆಯದೇ ನನ್ನನ್ನು ಹೆಚ್ಚು ಕಾಡಿದ್ದು. ಡರ್ಹಮ್ ಜಿಲ್ಲೆಯ ಲಿಂಟ್ಸ್ ಎಂಬ ಹಳ್ಳಿ. 1905ರಿಂದ ಕ್ರಿಕೆಟ್ ನಡೆಯುತ್ತಿದ್ದ ಮೈದಾನದ ಅಂಚಿಗೆ 1970ರ ದಶಕದ ಆರಂಭದಲ್ಲಿ ಹೊಸ ಮನೆಗಳು ಎದ್ದವು. ಚೆಂಡುಗಳು ಹಿತ್ತಿಲಿಗೆ ಬೀಳತೊಡಗಿದವು. ಕ್ಲಬ್ ಬೇಲಿಯನ್ನು ಎತ್ತರಿಸಿತು, ಹಾನಿ ತುಂಬಿಕೊಡುತ್ತೇವೆ ಎಂದಿತು, ಕಿಟಕಿಗಳಿಗೆ ಒಡೆಯದ ಗಾಜು ಹಾಕಿಸಿಕೊಡುತ್ತೇವೆ, ಹಿತ್ತಿಲ ಮೇಲೆ ಬಲೆ ಕಟ್ಟಿಸುತ್ತೇವೆ ಎಂದಿತು. ಮನೆಯವರು ಒಪ್ಪಲಿಲ್ಲ. ನಮ್ಮ ಹಿತ್ತಿಲಲ್ಲಿ ನಾವು ಬಲೆಯ ಕೆಳಗೆ ಯಾಕೆ ಕೂರಬೇಕು ಎಂಬುದು ಅವರ ಮಾತಿನ ಸಾರ. 1977ರಲ್ಲಿ ಮೇಲ್ಮನವಿ ನ್ಯಾಯಾಲಯದ ಲಾರ್ಡ್ ಡೆನ್ನಿಂಗ್ ಹಳ್ಳಿಯ ಬೇಸಿಗೆ ಕ್ರಿಕೆಟ್ಟನ್ನು ಹಾಡಿ ಹೊಗಳಿ, ಮೈದಾನ ಮೊದಲಿತ್ತು, ನೀವು ಆಮೇಲೆ ಬಂದಿರಿ ಎಂಬಲ್ಲಿಗೆ ಮುಟ್ಟಿದರು. ಉಳಿದ ಇಬ್ಬರು ನ್ಯಾಯಾಧೀಶರು ಇದು ಉಪದ್ರವವೇ ಹೌದು ಎಂದರು, ಆದರೆ ಆಟ ನಿಲ್ಲಿಸಬೇಕೆನ್ನುವುದಕ್ಕೆ ಅವರಲ್ಲೊಬ್ಬರು ಒಪ್ಪಲಿಲ್ಲ. ಮನೆಯವರಿಗೆ ಪರಿಹಾರ ಸಿಕ್ಕಿತು, ಆಟ ನಡೆಯಿತು. ತಮಾಷೆ ಎಂದರೆ, ಉಪದ್ರವ ಇದ್ದಲ್ಲಿಗೆ ನೀನೇ ಬಂದೆ ಎಂಬುದು ಸಮರ್ಥನೆಯಲ್ಲ ಎಂದು ಅದೇ ದೇಶದ ನ್ಯಾಯಾಲಯ 1879ರಲ್ಲೇ ಹೇಳಿತ್ತು, ಮಿಠಾಯಿ ಮಾಡುವವನ ಒನಕೆಯ ಸದ್ದಿಗೂ ವೈದ್ಯನೊಬ್ಬನಿಗೂ ನಡೆದ ಜಗಳದಲ್ಲಿ.

ಡೆನ್ನಿಂಗರ ವಾದ ಸುಂದರವಾಗಿದೆ. ಮೊದಲು ಓದಿದಾಗ ನಾನೂ ತಲೆದೂಗಿದ್ದೆ. ಆಮೇಲೆ ಅದನ್ನು ಬೆಂಗಳೂರಿನ ಪೂರ್ವಕ್ಕೆ, ದೊಮ್ಮಲೂರಿನ ಆಚೆಗೆ ಒಯ್ದು ನೋಡಿದೆ. ಅಲ್ಲಿ 1970ರ ದಶಕದಲ್ಲಿ ಹುಟ್ಟಿದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿದೆ. ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ವಿನ್ಯಾಸ ಮಾಡಿದ್ದು. ಅದರ ಸುತ್ತ ಈಗ ವಸತಿ ಸಮುಚ್ಚಯಗಳು, ಗಾಲ್ಫಿನ ಹೆಸರನ್ನೇ ಇಟ್ಟುಕೊಂಡ ಕಚೇರಿ ಸಂಕೀರ್ಣ, ನೆಲದಿಂದ ತುದಿಯವರೆಗೆ ಗಾಜು ಹೊದ್ದ ಕಟ್ಟಡಗಳು. ಮೈದಾನ ಮೊದಲು, ಗಾಜು ಆಮೇಲೆ. ಡೆನ್ನಿಂಗರ ಲೆಕ್ಕದಲ್ಲಿ ಗಾಜಿನವರು ಬಾಯಿ ಮುಚ್ಚಬೇಕು. ಆದರೆ ಮೈದಾನಕ್ಕೂ ಮೊದಲು? ಅಲ್ಲಿದ್ದದ್ದು ಚಲ್ಲಘಟ್ಟ ಕೆರೆ, ನೀರು ಹಾಯಿಸಿಕೊಳ್ಳುತ್ತಿದ್ದ ಗದ್ದೆಗಳು. ಚೆಂಡು ಮೊದಲೋ ಗಾಜು ಮೊದಲೋ ಎಂದು ಇಬ್ಬರೇ ವಾದಿಸುತ್ತಾರೆ. ಮೂರನೆಯವರ ಹೆಸರು ದಾವೆಯಲ್ಲೇ ಇರುವುದಿಲ್ಲ. ಬೇಲಿಯ ಹೊರಗಿನ ಊರಿಗೂ ಒಳಗಿನ ಹುಲ್ಲಿಗೂ ಚೆಂಡಲ್ಲದೆ ಇನ್ನೊಂದು ಕೊಂಡಿಯೂ ಇತ್ತು ಎನ್ನಿ: ಆಟಗಾರರ ಚೀಲ ಹೊರುವ ಹುಡುಗರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನ ಅಂಥ ಒಬ್ಬ ಕ್ಯಾಡಿಯಾಗಿದ್ದವರು.

ನಮ್ಮೂರಿನ ಗಾಲ್ಫ್ ಮೈದಾನ ವಾಮಂಜೂರಿನ ಆಚೆ ಪಿಲಿಕುಳದಲ್ಲಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳ. ಮೊದಲು ಬಂದವರ ಹಕ್ಕು ಎನ್ನುವುದಾದರೆ ಅಲ್ಲಿ ಹುಲಿಯದ್ದೇ. ಅದು ಈಗ ಪಕ್ಕದ ಮೃಗಾಲಯದಲ್ಲಿ ಬೇಲಿಯ ಹಿಂದಿದೆ.

ಇರಲಿ. ಚೆಂಡು ಬರುವ ಮನೆಯವರು ನಾಳೆ ಬೆಳಿಗ್ಗೆ ಏನು ಮಾಡಬೇಕು? ಇತಿಹಾಸ ಬರೆಯುವವರೂ ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ಬಲಗೈ ಆಟಗಾರರ ತಪ್ಪಿದ ಹೊಡೆತ ಹೆಚ್ಚಾಗಿ ಬಲಕ್ಕೆ ತಿರುಗುತ್ತದೆ. ಹಾಗಾಗಿ ಆಟದ ದಿಕ್ಕಿನ ಬಲಬದಿಯ ಮನೆಗಳಿಗೆ ಪೆಟ್ಟು ಜಾಸ್ತಿ. ಇದನ್ನು ಸರಿಪಡಿಸಲು ಮೈದಾನದವರಿಗೆ ಮಾತ್ರ ಸಾಧ್ಯ. ಹೊಡೆಯುವ ಜಾಗವನ್ನೋ ಗುರಿಯನ್ನೋ ಕೆಲವು ಗಜ ಸರಿಸಿದರೆ ಬಲೆಗಿಂತ ಹೆಚ್ಚಿನ ಫಲ ಸಿಗಬಹುದು. ಸ್ಯಾಂಡ್‌ವಿಚ್ ತೀರ್ಪಿನ ತಿರುಳೂ ಅದೇ. ಸಾಲುಮರ ಕೆಳಗೆ ಹಾರುವ ಚೆಂಡನ್ನು ತಡೆಯುತ್ತದೆ, ಆದರೆ ಬೆಳೆಯಲು ವರ್ಷಗಳು ಬೇಕು. ಎತ್ತರದ ಬಲೆ ತಡೆಯುತ್ತದೆ, ಆದರೆ ಒಳ್ಳೆಯ ಹೊಡೆತ 25–30 ಮೀಟರ್ ಮೇಲೇರುತ್ತದೆ. ಅಷ್ಟೆತ್ತರದ ಬಲೆಗೆ ನಮ್ಮ ಕಡೆಯ ಮಳೆಗಾಲದ ಗಾಳಿ ಹೊಡೆದರೆ ಕಂಬಗಳ ಗತಿ ದೋಣಿಯವರಿಗೆ ಗೊತ್ತು.

ಮನೆಯವರ ಕೈಲಿರುವುದು ಗಾಜು ಬದಲಿಸುವುದು. ಎರಡು ಗಾಜುಗಳ ನಡುವೆ ಪದರ ಸೇರಿಸಿದ ಲ್ಯಾಮಿನೇಟೆಡ್ ಗಾಜು ಒಡೆದರೂ ಚೂರು ಹಾರುವುದಿಲ್ಲ. ಫ್ರಾನ್ಸಿನ ಬೆನೆಡಿಕ್ಟಸ್ ಇದಕ್ಕೆ 1909ರಲ್ಲೇ ಪೇಟೆಂಟ್ ಪಡೆದಿದ್ದರು, ಅಂದರೆ ಕ್ಯಾಸಲ್ ಕಣ್ಣು ಕಳೆದುಕೊಳ್ಳುವುದಕ್ಕೆ ಹತ್ತು ವರ್ಷ ಮೊದಲು. ಪಾಲಿಕಾರ್ಬೊನೇಟ್ ಹಲಗೆ ಇನ್ನೂ ಗಟ್ಟಿ, ಆದರೆ ಬೇಗ ಗೀರು ಬೀಳುತ್ತದೆ. ಎಲ್ಲಕ್ಕಿಂತ ಅಗ್ಗದ್ದು ಕಿಟಕಿಯ ಹೊರಗೆ ಕಬ್ಬಿಣದ ಜಾಲರಿ. ಚೆಂಡಿನ ಅಡ್ಡಳತೆ ಗೊತ್ತಿರುವುದರಿಂದ ಒಂದು ಇಂಚಿನ ಕಣ್ಣು ಸಾಕು. ಯಾವ ಮೀನಿಗೆ ಯಾವ ಕಣ್ಣು ಎಂದು ಲೆಕ್ಕ ಹಾಕುವವರ ಊರಿಗೆ ಇದು ಹೊಸದಲ್ಲ. ಆದರೆ ಜಾಲರಿಯನ್ನು ಗಾಜಿಗೆ ತಾಗಿಸಿ ಹೊಡೆಯಬಾರದು. ಪೆಟ್ಟು ಬಿದ್ದಾಗ ಅದು ಒಳಗೆ ಬಾಗುತ್ತದೆ, ಬಾಗಲು ಜಾಗ ಬೇಕು. ಹೊರಗೆ, ಅಂತರ ಬಿಟ್ಟು, ನಮ್ಮ ಮಡಲಿನ ತಟ್ಟಿಯ ಹಾಗೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಮಂಗಳೂರಿನಲ್ಲಿ ನಮ್ಮ ಮನೆಯ ಪಕ್ಕ ಒಂದು ಖಾಲಿ ಜಾಗವಿತ್ತು. ಅಪ್ಪ ಮನೆ ಕಟ್ಟುವುದಕ್ಕೂ ಮೊದಲಿನಿಂದ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಡೆನ್ನಿಂಗರ ಪ್ರಕಾರ ನಾವು ಆಮೇಲೆ ಬಂದವರು. ರಬ್ಬರ್ ಚೆಂಡು ಇರುವವರೆಗೆ ತೊಂದರೆ ಇರಲಿಲ್ಲ. ಲೆದರ್ ಬಾಲ್ ಬಂದ ವರ್ಷ ಮುಂಬಾಗಿಲ ಪಕ್ಕದ ಕಿಟಕಿಯ ಗಾಜು ಎರಡು ಸಲ ಹೋಯಿತು. ಅಮ್ಮ ಚೆಂಡು ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಳು, ಸಂಜೆಗೆ ಕೊಡುತ್ತಿದ್ದಳು. ಆಚಾರಿಯವರು ಜಾಲರಿಯನ್ನು ಕಿಟಕಿಯ ಚೌಕಟ್ಟಿಗೇ ಬಿಗಿದು ಹೊಡೆದರು. ಮೂರನೇ ಸಲ ಜಾಲರಿ ಬಾಗಿ ಗಾಜು ಮತ್ತೆ ಒಡೆಯಿತು. ಆಮೇಲೆ ಅರ್ಧ ಅಡಿ ಹೊರಗೆ ಚೌಕಟ್ಟು ಕಟ್ಟಿ ಹಾಕಿದರು, ಕಿಟಕಿ ಉಳಿಯಿತು.

ಆದರೆ ಮಾಡಿಗೆ ಜಾಲರಿ ಇರಲಿಲ್ಲ. ಮಳೆ ಹಿಡಿಯಲು ಎರಡು ವಾರ ಇರುವಾಗ ಅಡುಗೆಮನೆಯ ಗಾಜಿನ ಹಂಚು ಹೋಯಿತು. ಅಪ್ಪ ಒಡೆದ ಚೂರನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ಸುತ್ತಿದರು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿನ ಜೊತೆ ಸರಿಯಾಗಿ ಕೂರುವುದಿಲ್ಲ, ನಮ್ಮ ಹಂಚಿನ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು. ಕೊನೆಗೆ ಮಣ್ಣಿನ ಹಂಚನ್ನೇ ಹೊಂದಿಸಿ ಕೂರಿಸಿದರು. ಅಡುಗೆಮನೆಯಲ್ಲಿ ಹಗಲೂ ದೀಪ ಹಾಕುವುದು ಅಂದಿನಿಂದ ಶುರು.

ಆ ಖಾಲಿ ಜಾಗದಲ್ಲಿ ಈಗ ಏಳು ಅಂತಸ್ತಿನ ಫ್ಲ್ಯಾಟಿದೆ, ಪ್ರತಿ ಬಾಲ್ಕನಿಗೂ ದೊಡ್ಡ ಗಾಜಿನ ಬಾಗಿಲು. ಆಡುವ ಹುಡುಗರಿಲ್ಲ. ನಮ್ಮ ಜಾಲರಿ ತುಕ್ಕು ಹಿಡಿದು, ಅದಕ್ಕೆ ಬಸಳೆ ಹಬ್ಬಿಸಿದ್ದೇವೆ. ಹೋದ ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ದಂಬೆ ತೆಗೆಯಲು ನಾನೇ ಏಣಿ ಹತ್ತಿದ್ದೆ. ಕೊಳೆತ ಎಲೆಯ ಅಡಿಯಲ್ಲಿ ಒಂದು ಲೆದರ್ ಬಾಲ್ ಸಿಕ್ಕಿತು, ಹೊಲಿಗೆ ಬಿಚ್ಚಿಕೊಂಡು, ನೀರು ಕುಡಿದು ಭಾರವಾಗಿ. ಕೆಳಗೆ ಎಸೆದೆ. ಅಮ್ಮ ಅದನ್ನು ತೊಳೆದು, ಯಾರದ್ದಿರಬಹುದು ಎಂದು ಒಂದಿಬ್ಬರ ಹೆಸರು ಹೇಳಿ, ಕಿಟಕಿಯ ದಂಡೆಯ ಮೇಲೆ ಒಣಗಲು ಇಟ್ಟಳು.